ಎಚ್‌ಎಂಟಿ ಮುಳುಗಿದ್ದು ಯಾರಿಂದ?

ಪೀಣ್ಯದ ಓದುಗರೊಬ್ಬರು ಬರೆದಿದ್ದಾರೆ: 'ನಾನು ಯಂತ್ರದ ಬಿಡಿಭಾಗ ತಯಾರಿಸುವ ಸಣ್ಣ ಕಾರ್ಖಾನೆಯೊಂದರ ಮ್ಯಾನೇಜರ್. ಸ್ಟೋರ್ಸು, ಬಿಲ್ಲು, ಹಾಜರಿ ಎಲ್ಲ ಒಂದೇ ಕಡೆ ಸಿಗಲಿ ಎಂದು ಹೊಸ ಸಾಫ್ಟ್‌ವೇರ್ ತಂದೆವು. ಹುಡುಗರು ಕಲಿತರು. ಐವತ್ತು ದಾಟಿದವರು ಮಾತ್ರ ರಿಜಿಸ್ಟರ್ ಬಿಡುತ್ತಿಲ್ಲ. ಕಾಲಕ್ಕೆ ತಕ್ಕ ಹಾಗೆ ಬದಲಾಗದಿದ್ದರೆ ಎಚ್‌ಎಂಟಿ ವಾಚಿನ ಗತಿಯೇ ನಮಗೂ ಅಂತ ಎಷ್ಟು ಹೇಳಿದರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಇಂಥವರನ್ನು ಬದಲಾಯಿಸುವುದು ಹೇಗೆ? ನಾಯಕನಾದವನು ಏನು ಮಾಡಬೇಕು?'

ಉತ್ತರ: ಸುತ್ತಿ ಬಳಸದೆ ಕೇಳಿದ್ದೀರಿ, ಸಂತೋಷ. ನಾನೂ ಹಾಗೇ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ನಿಮ್ಮ ಪಾಲಿನ ನ್ಯಾಯ. ಹೊಸದನ್ನು ಕಲಿಯದೆ ಯಾರಿಗೂ ನಡೆಯುವುದಿಲ್ಲ. ಒಬ್ಬರು ರಿಜಿಸ್ಟರಿನಲ್ಲಿ ಬರೆದದ್ದನ್ನು ಇನ್ನೊಬ್ಬರು ಸಂಜೆ ಕೂತು ಕಂಪ್ಯೂಟರಿಗೆ ಹಾಕುವುದು ದಂಡದ ಕೆಲಸ. ಸುಮ್ನೆ ಹಟ ಹಿಡಿಯುವವರೂ ಇರುತ್ತಾರೆ. ಒಪ್ಪಿದೆ.

ಆದರೆ ಎಚ್‌ಎಂಟಿ ಕಾರ್ಖಾನೆಯಿದ್ದ ಜಾಲಹಳ್ಳಿಯ ಪಕ್ಕದಲ್ಲೇ ಕೆಲಸ ಮಾಡುವ ನೀವು ಅದರ ಉದಾಹರಣೆ ಎತ್ತಿದಿರಲ್ಲ, ಅದು ನನಗೆ ಚುಚ್ಚಿತು. ಜಪಾನಿನ ಸಿಟಿಜನ್ ಕಂಪನಿಯ ಜೊತೆ ಸೇರಿ ಎಚ್‌ಎಂಟಿ ವಾಚು ಮಾಡಲು ಹೊರಟದ್ದು 1961ರಲ್ಲಿ. ಅಲ್ಲಿಗೆ ಕೆಲಸಕ್ಕೆ ಸೇರಿದ ಎಷ್ಟೋ ಜನ ಅದುವರೆಗೆ ವಾಚಿನ ಒಳಗು ಹೇಗಿರುತ್ತದೆ ಎಂದು ಕಂಡವರಲ್ಲ. ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು, ಕೂದಲಿಗಿಂತ ತೆಳುವಾದ ಹೇರ್‌ಸ್ಪ್ರಿಂಗನ್ನು ಚಿಮಟದಲ್ಲಿ ಹಿಡಿದು ಕೂರಿಸುವುದನ್ನು ಅವರು ಕಲಿತರು. ಜನತಾ, ಪೈಲಟ್, ಕಾಂಚನ್ ಎಲ್ಲ ಅವರ ಕೈಯಲ್ಲೇ ಆದವು. ಕುರುಡರಿಗಾಗಿ ಬ್ರೈಲ್ ವಾಚನ್ನೂ ಮಾಡಿದರು. ಬದಲಾಗಲು ಒಲ್ಲದ ಜನ ಮಾಡುವ ಕೆಲಸವೇ ಇದು?

ಆಮೇಲೆ ಬಂತು ಟೈಟನ್. 1984ರಲ್ಲಿ ಟಾಟಾದವರು ತಮಿಳುನಾಡು ಸರ್ಕಾರದ ಸಂಸ್ಥೆಯೊಂದರ ಜೊತೆ ಸೇರಿ ಹುಟ್ಟುಹಾಕಿದ್ದು. ಕಾರ್ಖಾನೆ ಇಲ್ಲೇ ಹೊಸೂರಿನಲ್ಲಿ. ಮುಖ್ಯಸ್ಥ ಜೆರ್ಕ್ಸಿಸ್ ದೇಸಾಯಿ ಅವರು ಮೊದಲಿಂದಲೂ ಬ್ಯಾಟರಿಯಲ್ಲಿ ನಡೆಯುವ ಕ್ವಾರ್ಟ್ಜ್ ವಾಚನ್ನೇ ನೆಚ್ಚಿದರು. ವಾಚಿಗೇ ಅಂತ ಚೆಂದದ ಅಂಗಡಿ ತೆರೆದರು, ಟಿವಿಯಲ್ಲಿ ಮೊಜಾರ್ಟ್ ಸಂಗೀತ ಹಾಕಿ ಉಡುಗೊರೆಯ ಆಸೆ ಹುಟ್ಟಿಸಿದರು. ಈಗ ನೋಡಿ, ಎಚ್‌ಎಂಟಿಯಲ್ಲಿ ಕೈ ಪಳಗಿದ ಕೆಲವರು ಟೈಟನ್‌ಗೆ ಹೋದರು. ಅಲ್ಲಿ ಚೆನ್ನಾಗಿಯೇ ಕೆಲಸ ಮಾಡಿದರು. ಕೈ ಅದೇ, ಕಣ್ಣು ಅದೇ. ಬೇರೆಯಾಗಿದ್ದು ಮೇಲೆ ಕೂತು ತೀರ್ಮಾನ ಮಾಡುವವರು. ಎಚ್‌ಎಂಟಿ ಕ್ವಾರ್ಟ್ಜ್ ಮಾಡಲೇ ಇಲ್ಲ ಅಂತಲ್ಲ, ಮಾಡಿತು. ಆದರೆ ಭಾರವನ್ನೆಲ್ಲ ಕೀಲಿ ಕೊಡುವ ವಾಚಿನ ಮೇಲೇ ಹಾಕಿಕೊಂಡು ಕೂತಿತು. ಆ ತೀರ್ಮಾನ ಬೆಂಚಿನ ಮುಂದೆ ಕೂತವರದ್ದಲ್ಲ. ಬೆಂಗಳೂರಿನ ಅಧಿಕಾರಿಗಳದ್ದೂ ಪೂರ್ತಿ ಅಲ್ಲ. ಸರ್ಕಾರಿ ಕಂಪನಿಯಲ್ಲವೇ, ಫೈಲು ದಿಲ್ಲಿಗೆ ಹೋಗಿ ಬರಬೇಕಿತ್ತು.

ಇದು ನಮ್ಮ ದೇಶದ ಕಾಯಿಲೆ ಮಾತ್ರ ಅಂದುಕೊಳ್ಳಬೇಡಿ. ಸ್ವಿಟ್ಜರ್ಲೆಂಡಿನವರೇ 1967ರಲ್ಲಿ ತಮ್ಮ ಪ್ರಯೋಗಾಲಯದಲ್ಲಿ ಕ್ವಾರ್ಟ್ಜ್ ಕೈಗಡಿಯಾರದ ಮಾದರಿ ಮಾಡಿಟ್ಟಿದ್ದರು. ಕಂಪನಿಗಳ ಮಾಲೀಕರು ಹಿಂದೆ ಮುಂದೆ ನೋಡುತ್ತಿರುವಾಗಲೇ ಜಪಾನಿನ ಸೀಕೋ 1969ರ ಕ್ರಿಸ್‌ಮಸ್ ದಿನ ಅದನ್ನು ಅಂಗಡಿಗೇ ಇಳಿಸಿತು. ಅಲ್ಲಿನ ವಾಚು ಉದ್ಯಮದಲ್ಲಿ 1970ರ ಸುಮಾರಿಗೆ 90,000 ಜನ ದುಡಿಯುತ್ತಿದ್ದರು. 80ರ ದಶಕದ ನಡುವಿಗೆ ಉಳಿದವರು 30,000ದ ಆಸುಪಾಸು. ಕೈಕಟ್ಟಿ ಕೂತವರು ಮಾಲೀಕರು, ಮನೆಗೆ ಹೋದವರು ಕೆಲಸಗಾರರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಇಲ್ಲೂ ಅದೇ ಆಯಿತು. ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ ಒಪ್ಪಿದ್ದು 2016ರ ಜನವರಿಯಲ್ಲಿ. ಉಳಿದಿದ್ದ ನೌಕರರಿಗೆ 2007ರ ವೇತನ ಶ್ರೇಣಿ ಲೆಕ್ಕದಲ್ಲಿ ಸ್ವಯಂ ನಿವೃತ್ತಿ. ಇಸವಿ ಇನ್ನೊಂದು ಸಲ ಓದಿ. ಕಾಲಕ್ಕೆ ತಕ್ಕ ಹಾಗೆ ಬದಲಾಗಿ ಎಂದು ಉಪದೇಶ ಕೇಳಿದವರಿಗೆ ಸಿಕ್ಕ ಸಂಬಳದ ಲೆಕ್ಕ ಒಂಬತ್ತು ವರ್ಷ ಹಳೆಯದು.

ನಿಮ್ಮ ರಿಜಿಸ್ಟರ್ ಹಿರಿಯರ ವಿಷಯಕ್ಕೆ ಬರುತ್ತೇನೆ. ನಮ್ಮ ಪತ್ರಿಕೆಯಲ್ಲೂ ಅಚ್ಚಿನ ಮೊಳೆ ಜೋಡಿಸುವ ಕಾಲದ ಕಂಪಾಸಿಟರ್ ಒಬ್ಬರಿದ್ದರು. ಕೇಸಿನ ಯಾವ ಮನೆಯಲ್ಲಿ ಯಾವ ಒತ್ತಕ್ಷರ ಇದೆ ಅಂತ ನೋಡುವುದೇ ಬೇಡ, ಕೈ ತಾನಾಗಿ ಹೋಗುತ್ತಿತ್ತು. ಕಂಪ್ಯೂಟರಿನಲ್ಲೇ ಅಕ್ಷರ ಜೋಡಿಸುವ ಡಿಟಿಪಿ ಬಂದಾಗ ಇವರ ಕೈಲಿ ಆಗದು ಎಂದು ಮಾಲೀಕರು ಲೆಕ್ಕ ಚುಕ್ತಾ ಮಾಡಲು ಹೊರಟಿದ್ದರು. ಪುಟ ಕಟ್ಟುವ ಹುಡುಗನೊಬ್ಬ ಊಟವಾದ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡು ಕೆ.ಪಿ. ರಾವ್ ಅವರು ರೂಪಿಸಿದ ಕನ್ನಡ ಕೀಲಿಮಣೆ ವಿನ್ಯಾಸ ತೋರಿಸಿಕೊಟ್ಟ. 'ಕ' ಒತ್ತಿ, 'ಎಫ್' ಒತ್ತಿ, ಮತ್ತೆ 'ಕ' ಒತ್ತಿದರೆ 'ಕ್ಕ'. 'ಅಯ್ಯೋ, ಇಷ್ಟೇನಾ! ಇದಕ್ಕೆ ನಮ್ಮ ಕೈಲಿ ಅಷ್ಟೊಂದು ಮನೆ ಹುಡುಕಿಸಿದರಲ್ಲ' ಅಂತ ಅವರು ನಕ್ಕುಬಿಟ್ಟರು. ನಿವೃತ್ತಿಯಾಗುವ ತನಕ ನಮ್ಮ ಕರಡಿನಲ್ಲಿ ಎಲ್ಲರಿಗಿಂತ ಜಾಸ್ತಿ ತಪ್ಪು ಹಿಡಿದವರು ಅವರೇ. ಕಲಿಸಿದ್ದು ಕೆಲಸದ ಹೊತ್ತಿನಲ್ಲಿ, ಕನ್ನಡದಲ್ಲಿ, ನಗಾಡದೆ. ಇದನ್ನು ನೀವು ಗಮನಿಸಬೇಕು.

ಈಗೆಲ್ಲ ಬೇರೆಯೇ ಪದ್ಧತಿ. ಬದಲಾವಣೆಯ ಪಾಠ ಮೇಲಿನವರಿಗೆ ರೆಸಾರ್ಟಿನಲ್ಲಿ, ಎರಡು ಹೊತ್ತಿನ ಬಫೆ ಊಟದ ಜೊತೆ. ಕೆಳಗಿನವರಿಗೆ ಶಿಫ್ಟು ಮುಗಿದ ಮೇಲೆ, ಬಸ್ಸು ತಪ್ಪುವ ಹೊತ್ತಿನಲ್ಲಿ, ಇಂಗ್ಲಿಷಿನ ಸ್ಲೈಡುಗಳಲ್ಲಿ. ಗೋಡೆಗೆ ದೊಡ್ಡವರ ಸೂಕ್ತಿ ಅಂಟಿಸಿದರೆ ನಾಯಕತ್ವ ಆಗಿಹೋಯಿತು ಅಂತ ನಂಬಿದವರು ಜಾಸ್ತಿಯಾಗಿದ್ದಾರೆ. ಈಗ ಎಐ ಬಂದಿದೆ. ಬೆದರಿಸಲು ಇನ್ನೊಂದು ಹೆಸರು ಸಿಕ್ಕಿತು. ಅದು ಬಂದರೆ ಮ್ಯಾನೇಜರ್ ಕೆಲಸ ಏನಾಗುತ್ತದೆ ಅಂತ ಆ ಸಭೆಗಳಲ್ಲಿ ಯಾರಾದರೂ ಕೇಳಿದ್ದುಂಟೇ?

ನಿಮಗೆ ಕಾಳಜಿ ಇದೆ, ಇಲ್ಲದಿದ್ದರೆ ಇಷ್ಟುದ್ದ ಪತ್ರ ಬರೆಯುತ್ತಿರಲಿಲ್ಲ. ಆದರೆ ಅದರಲ್ಲಿ ಒಂದು ವಿಷಯ ಬಿಟ್ಟುಹೋಗಿದೆ. ಆ ಸಾಫ್ಟ್‌ವೇರ್ ಕೊಳ್ಳುವ ಮುನ್ನ ಸ್ಟೋರ್ಸಿನ ಹಿರಿಯರನ್ನು ಒಂದು ಮಾತು ಕೇಳಿದ್ದಿರಾ? ಯಾವ ಬೋಲ್ಟು ಯಾವ ತಿಂಗಳು ಖಾಲಿಯಾಗುತ್ತದೆ ಅನ್ನುವುದು ಅವರ ತಲೆಯಲ್ಲಿದೆ. ಅದು ಪರದೆಯ ಮೇಲೆ ಎಲ್ಲೂ ಕಾಣದಿದ್ದರೆ ಅವರು ರಿಜಿಸ್ಟರ್ ಬಿಡುವುದಾದರೂ ಯಾಕೆ? ಇನ್ನೊಂದು, ಪರದೆಯ ಮೇಲಿನ ಅಕ್ಷರ ಕನ್ನಡದಲ್ಲಿದೆಯೋ ಇಲ್ಲವೋ ನೋಡಿ. ಇಲ್ಲದಿದ್ದರೆ ನಿಮ್ಮ ಮುಂದಿನ ಪತ್ರ ಅದನ್ನು ಮಾರಿದ ಕಂಪನಿಗೆ ಹೋಗಲಿ. ನನಗೆ ಬರೆದಷ್ಟೇ ಬಿಸಿಯಾಗಿ ಬರೆಯಿರಿ. ಒಂದು ಪ್ರತಿ ನಮಗೂ ಕಳಿಸಿ, ಅಚ್ಚು ಹಾಕುತ್ತೇವೆ.

- ಸಂಪಾದಕ