ಕೋರ್ 2 ಡ್ಯುಯೋ, 2 ಜಿಬಿ ರ್‍ಯಾಮ್‌ಗೆ ಯಾವ ಲಿನಕ್ಸ್?

ರ್‍ಯಾಮ್ 2 ಜಿಬಿ ಇರೋದ್ರಿಂದ 32 ಬಿಟ್ ಲುಬುಂಟು (ಉಬುಂಟು ಲಿನಕ್ಸಿನ ಹಗುರ ರೂಪ) ಹುಡುಕ್ತಿದ್ದೀನಿ, ಸಿಗ್ತಿಲ್ಲ ಅಂದಿದ್ದೀರಿ. ಹುಡುಕಬೇಡಿ. ಕೋರ್ 2 ಡ್ಯುಯೋ 64 ಬಿಟ್ ಪ್ರೊಸೆಸರ್, ಅದರಲ್ಲಿ 64 ಬಿಟ್ ಲಿನಕ್ಸೇ ಓಡುತ್ತೆ. ಹೊಸ ಲುಬುಂಟುಗಳಲ್ಲಿ 32 ಬಿಟ್ ಇಲ್ಲ; ಕ್ರೋಮ್ ಕೂಡ 2016ರಲ್ಲೇ 32 ಬಿಟ್ ಲಿನಕ್ಸನ್ನು ಕೈಬಿಟ್ಟಿತು.

ನನ್ನ ಆಯ್ಕೆ ಆಂಟಿಎಕ್ಸ್ ಅನ್ನೋ ಹಗುರ ಲಿನಕ್ಸ್, 64 ಬಿಟ್, ಫುಲ್ ಆವೃತ್ತಿ. ಅದರ ಐಸ್‌ಡಬ್ಲ್ಯೂಎಂ ಡೆಸ್ಕ್‌ಟಾಪ್ ನೋಡೋಕೆ ಹಳೇ ಕಾಲದ್ದು, ಆದರೆ ರ್‍ಯಾಮ್ ತಿನ್ನೋದು ಬಹಳ ಕಡಿಮೆ. ಒಂದು ಎಚ್ಚರ: ಇದರಲ್ಲಿ ಸಿಸ್ಟಮ್‌ಡಿ (ಸರ್ವಿಸ್‌ಗಳನ್ನು ಶುರು ಮಾಡಿ ನೋಡಿಕೊಳ್ಳೋ ವ್ಯವಸ್ಥೆ) ಇಲ್ಲ, ಹಾಗಾಗಿ ಉಬುಂಟುಗೆ ಬರೆದ ಸಿಸ್ಟಮ್‌ಸಿಟಿಎಲ್ ಕಮಾಂಡ್‌ಗಳು ಇಲ್ಲಿ ನಡೆಯಲ್ಲ. ಅದು ಕಿರಿಕಿರಿ ಅನ್ನಿಸಿದರೆ ಡೆಬಿಯನ್ ಲಿನಕ್ಸ್ ಜೊತೆ ಎಲ್‌ಎಕ್ಸ್‌ಕ್ಯೂಟಿ ಅನ್ನೋ ಹಗುರ ಡೆಸ್ಕ್‌ಟಾಪ್ ಹಾಕಿ.

ರೂಫಸ್ ಸಾಫ್ಟ್‌ವೇರ್‌ನಲ್ಲಿ ಬೂಟ್ ಆಗೋ ಪೆನ್‌ಡ್ರೈವ್ ಮಾಡುವಾಗ ಪಾರ್ಟಿಷನ್ ಸ್ಕೀಮ್ (ಡ್ರೈವ್ ಭಾಗ ಮಾಡೋ ವಿಧಾನ) ಎಂಬಿಆರ್ ಇರಲಿ. ಜಿಪಿಟಿ ಕೊಟ್ಟರೆ ಹಳೇ ಬಯೋಸ್‌ನಲ್ಲಿ ಬೂಟ್ ಆಗದೇ ಇರಬಹುದು. ಇನ್‌ಸ್ಟಾಲ್‌ಗೆ ಮೊದಲು ಲೈವ್‌ನಲ್ಲೇ (ಪೆನ್‌ಡ್ರೈವ್‌ನಿಂದಲೇ ಓಡಿಸಿ) ವೈಫೈ, ಸೌಂಡ್ ನೋಡಿ. ಬ್ರಾಡ್‌ಕಾಮ್ ಚಿಪ್ ಇದ್ದರೆ ವೈಫೈ ಕೈಕೊಡೋದು ಮಾಮೂಲು, ಲ್ಯಾನ್ ಕೇಬಲ್ ಹತ್ತಿರವೇ ಇಟ್ಟುಕೊಳ್ಳಿ. ಸ್ವಾಪ್‌ಗೆ (ಮೆಮೊರಿ ಸಾಲದಾಗ ಬಳಸೋ ಡಿಸ್ಕ್ ಜಾಗ) 2ರಿಂದ 4 ಜಿಬಿ ಬಿಡಿ.

ಆದರೂ ಬ್ರೌಸರ್‌ನಲ್ಲಿ ಐದಾರು ಟ್ಯಾಬ್ ತೆರೆದರೆ ಮಷೀನ್ ತೆವಳುತ್ತೆ. ಅಲ್ಲಿ ರ್‍ಯಾಮ್ ನುಂಗೋದು ಬ್ರೌಸರ್, ಡಿಸ್ಟ್ರೋ (ಲಿನಕ್ಸ್ ಬಗೆ) ಬದಲಿಸಿ ಪ್ರಯೋಜನವಿಲ್ಲ. ಮದರ್‌ಬೋರ್ಡ್ ಒಪ್ಪಿದರೆ ರ್‍ಯಾಮ್ 4 ಜಿಬಿ ಮಾಡಿ, ಹಾರ್ಡ್ ಡಿಸ್ಕ್ ಜಾಗಕ್ಕೆ ಸಾಟಾ ಎಸ್‌ಎಸ್‌ಡಿ ಹಾಕಿ.