ಮೂರು ತಿಂಗಳ ಬೆಕ್ಕಿನ ಮರಿಗಳನ್ನು ಮನೆಯಲ್ಲಿ ಬಿಟ್ಟು ದಸರಾ ರಜೆಗೆ ಹೋಗಬಹುದಾ?

ಬಾಗಲಕೋಟೆ ನವನಗರದ ಮನೆ, ಮೂರು ತಿಂಗಳ ಎರಡು ಮರಿ, ಒಂದು ಗಂಡು, ಒಂದು ಹೆಣ್ಣು. ಹಾಲು-ರೊಟ್ಟಿ ಬಿಟ್ಟು ಬೇರೇನೂ ಮುಟ್ಟುವುದಿಲ್ಲ. ದಸರಾಕ್ಕೆ ಮನೆಮಂದಿಯೆಲ್ಲ ಒಂದು ವಾರ ಮೈಸೂರಿಗೆ. "ದೊಡ್ಡ ಬಟ್ಟಲು ತುಂಬಾ ತಿನಿಸು ಇಟ್ಟು ಬಾಗಿಲು ಹಾಕಿಕೊಂಡು ಹೋದರೆ ನಡೆಯುತ್ತಾ?" ಅಂತ ಕೇಳಿದ್ದೀರಿ. ನಡೆಯುವುದಿಲ್ಲ. ದೊಡ್ಡ ಬೆಕ್ಕಿಗೇ ಅದು ಸರಿಯಲ್ಲ, ಮರಿಗಳಿಗಂತೂ ಬೇಡವೇ ಬೇಡ.

ನಾನು ಇಲ್ಲೇ ವಿದ್ಯಾಗಿರಿಯಲ್ಲಿ ಇರೋದು. ನಮ್ಮ ಮನೆಯಲ್ಲಿ ಬೆಕ್ಕು ಇಲ್ಲದ ಕಾಲವೇ ಇಲ್ಲ. ನಾನು ಕಂಡ ಹಾಗೆ, ರಜೆಯ ತಲೆನೋವು ಅರ್ಧಕ್ಕರ್ಧ ಊಟದ ತಲೆನೋವೇ. ನೀವೇ ಕೂತು ಹಾಲಿನಲ್ಲಿ ರೊಟ್ಟಿ ಹಿಸುಕಿ ಕೊಟ್ಟರೆ ಮಾತ್ರ ತಿನ್ನುವ ಮರಿಯನ್ನು ಬಾಜೂ ಮನೆಯವರು ಹೇಗೆ ನೋಡಿಕೊಂಡಾರು? ಯಾರು ಹಾಕಿದರೂ ತಿನ್ನುವ ರೂಢಿ ಮೊದಲು ಆಗಲಿ. ಆಮೇಲೆ ಜನ ಹುಡುಕುವುದು ಸಲೀಸು.

ಅದಕ್ಕೇ ಊಟದಿಂದ ಶುರು ಮಾಡ್ತೀನಿ. ಬೆಕ್ಕು ಮಾಂಸ ತಿಂದೇ ಬದುಕುವ ಪ್ರಾಣಿ. ಅದರ ಕಣ್ಣಿಗೆ, ಹೃದಯಕ್ಕೆ ಟಾರಿನ್ ಅನ್ನೋ ಅಂಶ ಬೇಕೇ ಬೇಕು. ಅದು ಸಿಗೋದು ಮಾಂಸ-ಮೀನಿನಲ್ಲಿ. ಜೋಳದ ರೊಟ್ಟಿಯಲ್ಲಿ ಇಲ್ಲ, ಅನ್ನದಲ್ಲೂ ಇಲ್ಲ. ವರ್ಷಗಟ್ಟಲೆ ಅದಿಲ್ಲದೆ ಬೆಳೆದ ಬೆಕ್ಕಿಗೆ ಕಣ್ಣು ಹೋಗಬಹುದು, ಹೃದಯ ಸೊರಗಬಹುದು. ಇನ್ನು ಹಾಲು. ತಾಯಿ ಹಾಲು ಬಿಟ್ಟ ಮೇಲೆ ಆಕಳ ಹಾಲು, ಎಮ್ಮೆ ಹಾಲು ಬಹಳ ಮರಿಗಳಿಗೆ ಜೀರ್ಣ ಆಗುವುದಿಲ್ಲ. ಹೊಟ್ಟೆ ಕೆಟ್ಟು ತೆಳ್ಳಗೆ ಹೋಗುತ್ತಾ ಇರುತ್ತವೆ. ಬೆಕ್ಕಿಗೆ ಹಾಲು ಅಂತ ನಾವೆಲ್ಲ ಚಿಕ್ಕಂದಿನಿಂದ ಕೇಳಿಕೊಂಡು ಬಂದಿದ್ದೇವೆ, ಮರಿಯ ಹೊಟ್ಟೆ ಅದನ್ನು ಕೇಳುವುದಿಲ್ಲ.

ನಿಮ್ಮದು ಮೊಟ್ಟೆಯನ್ನೂ ತರದ ಮನೆ ಅಂತ ಬರೆದಿದ್ದೀರಿ. ನಮ್ಮ ಕಡೆ ಅಂಥ ಮನೆಗಳೇ ಜಾಸ್ತಿ. ಪ್ಯಾಕೆಟ್‌ನ ಒಣ ಕಿಟನ್ ಫುಡ್ ತನ್ನಿ. ಟಾರಿನ್ ಅದರಲ್ಲೇ ಸೇರಿಸಿರುತ್ತಾರೆ. ಅಡುಗೆಮನೆಗೆ ಒಯ್ಯುವುದೇ ಬೇಡ, ಮುಚ್ಚಳದ ಡಬ್ಬಿಯಲ್ಲಿ ಹಾಕಿ ಪಡಸಾಲೆಯ ಮೂಲೆಯಲ್ಲಿ ಇಡಿ. ಬೇಯಿಸುವ, ಕೈ ಹೊಲಸು ಮಾಡಿಕೊಳ್ಳುವ ಕೆಲಸ ಇಲ್ಲ. ನೋಡಿಕೊಳ್ಳುವವರೂ ಶಾಕಾಹಾರಿಗಳಾದರೆ ಇದು ದೊಡ್ಡ ಅನುಕೂಲ. ಪ್ಯಾಕೆಟ್ ಮೇಲೆ ಮರಿಗಳದ್ದು ಅಂತ ಇರೋದನ್ನು ನೋಡಿ ತನ್ನಿ. ದೊಡ್ಡ ಬೆಕ್ಕಿನದು ಬೇಡ, ನಾಯಿಯದಂತೂ ಬೇಡವೇ ಬೇಡ. ಒಂದು ವರ್ಷದ ತನಕ ಮರಿಗಳ ಫುಡ್ಡೇ ಇರಲಿ.

ಒಮ್ಮೆಲೇ ಬದಲಿಸಬೇಡಿ, ಭೇದಿ ಆಗುತ್ತದೆ. ಒಂದು ವಾರ, ಹತ್ತು ದಿನ ಹಿಡಿಯಲಿ. ಮೊದಲು ನಾಲ್ಕು ಕಾಳು ಬಿಸಿನೀರಿನಲ್ಲಿ ನೆನೆಸಿ ಹಳೇ ಊಟದಲ್ಲಿ ಕಲಸಿ. ದಿನಾ ಸ್ವಲ್ಪ ಹೆಚ್ಚಿಸಿ, ಹಾಲು-ರೊಟ್ಟಿ ಕಡಿಮೆ ಮಾಡಿ. ಮೂತಿ ತಿರುಗಿಸುತ್ತವೆ, ಕಾಲು ಸುತ್ತಿ ಕೂಗುತ್ತವೆ, ನೋಡಿದರೆ ಪಾಪ ಅನ್ನಿಸುತ್ತದೆ. ಹಾಗಂತ ಉಪವಾಸ ಕೆಡವಿ ದಾರಿಗೆ ತರುತ್ತೇನೆ ಅಂತ ಹೋಗಬೇಡಿ. ಮರಿ ಒಂದು ಇಡೀ ದಿನ ಏನೂ ತಿನ್ನದಿದ್ದರೆ ರಕ್ತದಲ್ಲಿ ಸಕ್ಕರೆ ಇಳಿದು ಸುಸ್ತಾಗಿ ಬೀಳಬಹುದು. ಈ ವಯಸ್ಸಿಗೆ ದಿನಕ್ಕೆ ನಾಲ್ಕು ಸಲ ಊಟ, ನಾಲ್ಕು ತಿಂಗಳು ದಾಟಿದ ಮೇಲೆ ಮೂರು ಸಲ, ಆರು ತಿಂಗಳ ಮೇಲೆ ಎರಡು. ಸರಿಯಾಗಿ ತಿನ್ನುವ ಮರಿ ವಾರಕ್ಕೆ ಹತ್ತಿರ ಹತ್ತಿರ 100 ಗ್ರಾಂ ಏರುತ್ತದೆ. ಕಿರಾಣಿ ಅಂಗಡಿಯವರ ತಕ್ಕಡಿಯಲ್ಲಿ ಚೀಲದ ಸಮೇತ ತೂಗಿಸಿದರೂ ಆಯಿತು, ಅಂಗಡಿಯವರು ನಕ್ಕರೆ ನಗಲಿ.

ಈಗ ಜನ. ಮರಿಗಳನ್ನು ಮೈಸೂರಿಗೆ ಒಯ್ಯುವ ವಿಚಾರ ಬಿಡಿ. ರಾತ್ರಿಯಿಡೀ ರೈಲು, ಅಲ್ಲಿ ಹೊಸ ಮನೆ, ದಸರಾ ಗದ್ದಲ, ಬಾಗಿಲು ತೆಗೆದಾಗ ಒಂದು ಓಡಿಹೋದರೆ ಮುಗಿಯಿತು. ದುಡ್ಡು ಕೊಟ್ಟು ಬೇರೆ ಊರಿನ ಬೋರ್ಡಿಂಗ್‌ನಲ್ಲಿ ಬಿಡುವುದೂ ಈ ಸಲ ಬೇಡ ಅಂತೀನಿ. ಎಂಟು ವಾರಕ್ಕೆ ಶುರುವಾಗುವ ಲಸಿಕೆಯನ್ನು ಮೂರು-ನಾಲ್ಕು ವಾರಕ್ಕೊಮ್ಮೆ ಮತ್ತೆ ಹಾಕಿಸಬೇಕು, ಸುಮಾರು ನಾಲ್ಕು ತಿಂಗಳ ತನಕ. ನಿಮ್ಮವಕ್ಕೆ ಅದು ಪೂರ್ತಿ ಆಗಿರಲಾರದು. ಬೆಕ್ಕುಗಳ ಪಾರ್ವೊ ಅನ್ನೋ ರೋಗದ ವೈರಸ್ ಬೆಕ್ಕುಗಳಿದ್ದ ಜಾಗದಲ್ಲಿ ತಿಂಗಳುಗಟ್ಟಲೆ, ಒಮ್ಮೊಮ್ಮೆ ಒಂದು ವರ್ಷದ ತನಕ ಉಳಿಯುತ್ತದೆ. ಮರಿಗಳನ್ನು ಎರಡೇ ದಿನದಲ್ಲಿ ಮುಗಿಸಿಬಿಡಬಹುದು.

ಉಳಿಯೋದು ಎರಡು ದಾರಿ. ನಿಮ್ಮ ಮನೆಯಲ್ಲೇ ಯಾರಾದರೂ ಬಂದು ಉಳಿಯಬೇಕು. ಅಳಿಯನೋ, ರೂಮು ಮಾಡಿಕೊಂಡು ಓದುತ್ತಿರುವ ಪರಿಚಯದ ಹುಡುಗನೋ ಆದೀತು. ಇದೇ ಎಲ್ಲಕ್ಕಿಂತ ಚಲೋ. ಬೆಕ್ಕಿಗೆ ಮಂದಿಗಿಂತ ಜಾಗ ಮುಖ್ಯ. ಅದು ಆಗದಿದ್ದರೆ ಬಾಜೂ ಮನೆಯ ಕಾಕೂನೋ ವೈನಿಯೋ ದಿನಕ್ಕೆ ನಾಲ್ಕು ಸಲ ಬಂದು ಹೋಗಬೇಕು. ಬರೀ ಬಟ್ಟಲು ತುಂಬಿಸಿ ಹೋದರೆ ಸಾಲದು. ಎರಡೂ ಮರಿ ಕಣ್ಣಿಗೆ ಬಿದ್ದವಾ, ತಿಂದವಾ, ಉಸುಕಿನಲ್ಲಿ ಕಕ್ಕಸು ಸರಿಯಾಗಿದೆಯಾ, ಇಷ್ಟು ನೋಡಬೇಕು. ನೀವಿರುವಾಗಲೇ ಎರಡು ದಿನ ಅವರ ಕೈಯಿಂದ ಊಟ ಹಾಕಿಸಿ.

ಬಟ್ಟಲಿಗೆ ಇರುವೆ ಮುತ್ತುತ್ತವೆ. ಅಗಲದ ತಾಟಿನಲ್ಲಿ ನೀರು ಹಾಕಿ ನಡುವೆ ಬಟ್ಟಲು ಇಡಿ. ಕುಡಿಯುವ ನೀರು ಬೇರೆ, ಎರಡು ಕಡೆ ಇರಲಿ. ಕಿಟಕಿಗೆ ಜಾಳಿಗೆ ಇಲ್ಲದಿದ್ದರೆ ಮುಚ್ಚಿಸಿ. ನಿಮ್ಮ ವಾಸನೆ ಇರುವ ಹಳೇ ಕೌದಿಯೊಂದನ್ನು ತೊಳೆಯದೆ ಬಿಟ್ಟು ಹೋಗಿ.

ಒಂದು ಮಾತು ಗಟ್ಟಿಯಾಗಿ ಹೇಳ್ತೀನಿ. ಊರಿಗೆ ಹೊರಡುವ ಮುಂಚೆ ಮನೆ ಸ್ವಚ್ಛ ಮಾಡುವಾಗ ನಾವು ಫಿನಾಯಿಲ್ ಹಾಕಿ ಒರೆಸುತ್ತೇವೆ, ಗೋಡೆಗುಂಟ ಜಿರಳೆ ಚಾಕ್ ಎಳೆಯುತ್ತೇವೆ, ಕಪಾಟಿನಲ್ಲಿ ನುಸಿ ಗುಳಿಗೆ ಇಡುತ್ತೇವೆ. ಮೂರೂ ಬೆಕ್ಕಿಗೆ ಕೆಟ್ಟದ್ದು. ಕಾಲಿಗೆ ಮೆತ್ತಿದ್ದನ್ನು ಅವು ನೆಕ್ಕುತ್ತವೆ, ಅಲ್ವಾ? ನೆಲಕ್ಕೆ ಸೋಪಿನ ನೀರು ಸಾಕು. ಹಾಗೇ ನೋಡಿಕೊಳ್ಳುವವರಿಗೆ ಹೇಳಿಡಿ: ಉಳ್ಳಾಗಡ್ಡಿ, ಬಳ್ಳೊಳ್ಳಿ ಬಿದ್ದ ಪಲ್ಯ-ಸಾರು ಹಾಕಬಾರದು. ಹಬ್ಬದ ಪ್ರೀತಿಗೆ ಕರದಂಟಿನ ಚೂರೂ ಬೇಡ, ಅದರಲ್ಲಿ ಒಣದ್ರಾಕ್ಷಿ ಇರಬಹುದು. ಮೈ ಬಿಸಿ ಅನ್ನಿಸಿತು ಅಂತ ಪ್ಯಾರಾಸಿಟಮಾಲ್ ಕೊಟ್ಟರೆ ಬೆಕ್ಕು ಸತ್ತೇ ಹೋಗಬಹುದು. ಅರ್ಧ ಗುಳಿಗೆಯೂ ಬೇಡ. ಒಂದು ದಿನ ಊಟ ಬಿಟ್ಟರೆ, ಮೇಲಿಂದ ಮೇಲೆ ವಾಂತಿಯಾದರೆ ನಿಮಗೆ ಫೋನ್ ಮಾಡಿ ಕೇಳುತ್ತಾ ಕೂರದೆ ಸೀದಾ ಪಶು ವೈದ್ಯರ ಹತ್ತಿರ ಒಯ್ಯಲಿ. ಹಬ್ಬದ ರಜೆಯಲ್ಲಿ ಯಾರು ಸಿಗುತ್ತಾರೆ ಅಂತ ಮೊದಲೇ ವಿಚಾರಿಸಿ, ನಂಬರ್ ಬರೆದು ಬಾಗಿಲಿಗೆ ಅಂಟಿಸಿ. ಖರ್ಚಿಗೆ ದುಡ್ಡೂ ಅವರ ಕೈಯಲ್ಲೇ ಇಡಿ, ಸಂಕೋಚ ಬೇಡ. ಬರುವಾಗ ಮೈಸೂರು ಪಾಕ್ ತನ್ನಿ, ಮುಂದಿನ ಸಲ ಕೇಳೋಕೆ ಬಾಯಿ ಬೇಕಲ್ಲ.

ಗಂಡು-ಹೆಣ್ಣು ಜೋಡಿ ಅಂದಿದ್ದಕ್ಕೆ ಇದನ್ನೂ ಸೇರಿಸ್ತೀನಿ. ಹೆಣ್ಣು ಬೆಕ್ಕು ನಾಲ್ಕು-ಐದು ತಿಂಗಳಿಗೇ ಗಬ್ಬವಾಗಬಹುದು. ಒಡಹುಟ್ಟಿದವು ಅನ್ನೋ ಲೆಕ್ಕ ಅವಕ್ಕಿಲ್ಲ. ಮೈಸೂರಿನಿಂದ ಬಂದ ಕೂಡಲೇ ಆಪರೇಷನ್ ಯಾವಾಗ ಮಾಡಿಸಬಹುದು ಅಂತ ಡಾಕ್ಟರನ್ನು ಕೇಳಿ. ಇಲ್ಲದಿದ್ದರೆ ಸಂಕ್ರಾಂತಿ ಹೊತ್ತಿಗೆ ಬಾಜೂ ಮನೆಯವರಿಗೆ ಆರೇಳು ಬೆಕ್ಕು ಒಪ್ಪಿಸಿ ಹೋಗಬೇಕಾಗುತ್ತದೆ.