ಸಂಪಾದಕರ ಉತ್ತರ: ನಿಮ್ಮ ಕೇಸ್ ಬುಕ್ ತಿಪಟೂರಿನಲ್ಲೇ ಇದೆ

ತಿಪಟೂರಿನ ಓದುಗರೊಬ್ಬರ ಪತ್ರ ಬಂದಿದೆ. ಹೆಸರು ಹಾಕಬೇಡಿ ಅಂದಿದ್ದಾರೆ. ಇಂಜಿನಿಯರಿಂಗ್ ಮುಗಿಸಿ, ಈಗ ಹೊರರಾಜ್ಯದಲ್ಲಿ ಎಂಬಿಎ ಓದುತ್ತಿರುವ ಹುಡುಗಿ. ಪತ್ರದ ಮುಖ್ಯ ಭಾಗ ಇದು:

"ಕನ್ಸಲ್ಟಿಂಗ್ ಕಂಪನಿಗಳ ಸಂದರ್ಶನ ಹತ್ತಿರ ಬರುತ್ತಿದೆ. ನನ್ನ ಕ್ಲಾಸಿನವರೆಲ್ಲ ರಾತ್ರಿ ಎರಡು ಗಂಟೆವರೆಗೆ ಕೇಸ್ ಬಿಡಿಸುತ್ತಾರೆ. ಕೆಲವರು ದುಡ್ಡು ಕೊಟ್ಟು ಕೋಚಿಂಗ್ ತಗೊಂಡಿದ್ದಾರೆ. ನಾನು ಏಳನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಇಂಗ್ಲಿಷ್ ಬರುತ್ತೆ, ಆದರೆ ಅವರಷ್ಟು ಸಲೀಸಾಗಿ ಅಲ್ಲ. ಅವರ ಅಪ್ಪ ಅಮ್ಮ ದೊಡ್ಡ ಕಂಪನಿಗಳಲ್ಲಿದ್ದಾರೆ. ನಮ್ಮಪ್ಪನದು ಒಂದು ಕೊಬ್ಬರಿ ಮಂಡಿ, ಅಷ್ಟೆ. ಸಂದರ್ಶನದಲ್ಲಿ ಹೇಳಿಕೊಳ್ಳುವಂಥದ್ದು ನನ್ನ ಹತ್ತಿರ ಏನೂ ಇಲ್ಲ. ಕೋಚಿಂಗ್‌ಗೆ ಅಪ್ಪನ ಹತ್ತಿರ ದುಡ್ಡು ಕೇಳಲಾ? ಏನು ಓದಲಿ?"

ಈ ಸಂದರ್ಶನದ ಪರಿಚಯ ಇಲ್ಲದವರಿಗೆ ಎರಡು ಮಾತು. ಮೆಕಿನ್ಸಿ, ಬಿಸಿಜಿ, ಬೇನ್ ಥರದ ಕಂಪನಿಗಳು ಬೇರೆ ಕಂಪನಿಗಳಿಗೆ, ಸರ್ಕಾರಗಳಿಗೆ ಸಲಹೆ ಕೊಟ್ಟು ಬದುಕುತ್ತವೆ. ಕೆಲಸಕ್ಕೆ ಹುಡುಗರನ್ನು ಆರಿಸುವಾಗ ಒಂದು ವ್ಯಾಪಾರದ ಸಮಸ್ಯೆ ಮುಂದಿಡುತ್ತಾರೆ. ಅದಕ್ಕೆ ಕೇಸ್ ಅನ್ನುತ್ತಾರೆ. "ಒಂದು ಸಿಮೆಂಟ್ ಕಂಪನಿಯ ಲಾಭ ಬಿದ್ದಿದೆ, ಯಾಕೆ?" ಅರ್ಧ ಗಂಟೆ, ಒಂದು ಹಾಳೆ, ಒಂದು ಪೆನ್ನು. ಸಾಮಾನ್ಯವಾಗಿ ಕ್ಯಾಲ್ಕುಲೇಟರ್ ಇಲ್ಲ. ಜೊತೆಗೆ ಅಂದಾಜಿನ ಪ್ರಶ್ನೆಗಳು. ಇಂಥ ಊರಲ್ಲಿ ದಿನಕ್ಕೆ ಎಷ್ಟು ಲೀಟರ್ ಹಾಲು ಖರ್ಚಾಗುತ್ತೆ, ಆ ಥರದವು. ಆಮೇಲೆ ನಿಮ್ಮ ಬದುಕಿನ ಬಗ್ಗೆ ಮಾತು: ಎಲ್ಲಿ ಎಡವಿದ್ರಿ, ಯಾರನ್ನು ಹೇಗೆ ಒಪ್ಪಿಸಿದ್ರಿ, ಯಾಕೆ ಈ ಕೆಲಸ.

ಮೊದಲು ನಿಮ್ಮ ಸಹಪಾಠಿಗಳ ಪರವಾಗಿ ಹೇಳಬೇಕಾದ್ದು ಹೇಳಿಬಿಡುತ್ತೇನೆ. ಅಭ್ಯಾಸ ಬೇಕು. ಎದುರಿಗೆ ಒಬ್ಬರನ್ನು ಕೂರಿಸಿಕೊಂಡು, ಗಡಿಯಾರ ಇಟ್ಟುಕೊಂಡು, ಬಾಯಿಬಿಟ್ಟು ಯೋಚಿಸುವುದನ್ನು ರೂಢಿ ಮಾಡಿಕೊಳ್ಳಬೇಕು. ಸಮಸ್ಯೆಯನ್ನು ಒಂದರ ಮೇಲೊಂದು ಬೀಳದ ಹಾಗೆ, ಯಾವುದೂ ಬಿಟ್ಟುಹೋಗದ ಹಾಗೆ ಭಾಗ ಮಾಡುವುದು ಒಳ್ಳೆ ಪದ್ಧತಿ. ಮೆಕಿನ್ಸಿಯಲ್ಲಿದ್ದ ಬಾರ್ಬರಾ ಮಿಂಟೋ ಅದನ್ನು ಎಲ್ಲರಿಗೂ ತಿಳಿಯುವ ಹಾಗೆ ಹೇಳಿಕೊಟ್ಟರು. ಉತ್ತರ ಮೊದಲು ಹೇಳಿ, ಕಾರಣ ಆಮೇಲೆ ಕೊಡಿ ಅನ್ನುವುದೂ ಅವರ ಪಾಠವೇ. ಅದು ಯಾವ ಕೆಲಸಕ್ಕಾದರೂ ಬರುತ್ತೆ. ಕಾಲೇಜಿನ ಹಳೆಯ ವಿದ್ಯಾರ್ಥಿಗಳು ಮಾಡಿಟ್ಟಿರುವ ಕೇಸ್ ಬುಕ್ಕುಗಳನ್ನೂ ಓದಿ.

ಇಷ್ಟು ಸಾಕು. ಈಗ ನನ್ನ ಮಾತು.

"ಕೊಬ್ಬರಿ ಮಂಡಿ, ಅಷ್ಟೆ" ಅಂತ ಬರೆದಿದ್ದೀರಲ್ಲ, ಆ ಸಾಲು ಓದಿ ನನಗೆ ಸಿಟ್ಟೇ ಬಂತು. ನೋಡಿಮ್ಮಾ, ನಿಮ್ಮ ಕ್ಲಾಸಿನವರು ರಾತ್ರಿಯೆಲ್ಲ ಕೂತು ಹಾಳೆಯ ಮೇಲೆ ಹುಡುಕುತ್ತಿರುವುದು ನಿಮ್ಮ ಮನೆಯಲ್ಲಿ ಮೂರು ಹೊತ್ತು ಊಟಕ್ಕೆ ಕೂತಾಗ ಮಾತಾಗಿದೆ. ನೀವು ಕಿವಿಗೊಟ್ಟಿಲ್ಲ, ಅಥವಾ ಕಿವಿಗೊಡಬೇಡ ಅಂತ ಮನೆಯವರೇ ಹೇಳಿದ್ದಾರೆ.

ಉದಾಹರಣೆ ಕೊಡುತ್ತೇನೆ. ಪ್ರಶ್ನೆ: "ಒಬ್ಬ ವ್ಯಾಪಾರಿಯ ಲಾಭ ಅರ್ಧಕ್ಕಿಂತ ಕೆಳಗೆ ಇಳಿದಿದೆ, ಯಾಕೆ?" ಕೋಚಿಂಗ್ ತಗೊಂಡವರು ತಕ್ಷಣ ಹಾಳೆಯ ಮಧ್ಯೆ ಗೆರೆ ಎಳೆಯುತ್ತಾರೆ. ಈ ಕಡೆ ಆದಾಯ, ಆ ಕಡೆ ಖರ್ಚು. ಆದಾಯದ ಕೆಳಗೆ ಬೆಲೆ, ಪ್ರಮಾಣ. ಖರ್ಚಿನ ಕೆಳಗೆ ಇನ್ನೆರಡು ಕವಲು. ಸರಿ. ಈಗ ಆ ವ್ಯಾಪಾರಿ ನಿಮ್ಮೂರಿನಲ್ಲಿ ಉಂಡೆ ಕೊಬ್ಬರಿ ಖರೀದಿ ಮಾಡಿ ದೆಹಲಿಗೆ ರವಾನೆ ಮಾಡುವವರು ಅಂತ ಇಟ್ಟುಕೊಳ್ಳಿ. ಲೆಕ್ಕ ಸುಲಭ ಆಗಲಿ ಅಂತ ಕ್ವಿಂಟಾಲ್‌ಗೆ 12,000 ರೂಪಾಯಿ ಹಿಡಿಯೋಣ. 100 ಕ್ವಿಂಟಾಲ್‌ಗೆ 12 ಲಕ್ಷ. ಹಮಾಲಿ, ಚೀಲ, ಲಾರಿ ಬಾಡಿಗೆ, ಕಮಿಷನ್ ಎಲ್ಲ ಕಳೆದು ಕ್ವಿಂಟಾಲ್‌ಗೆ 500 ಉಳಿಯುತ್ತೆ. ಅಂದರೆ 50,000. ಆದರೆ ಹಾಕಿದ 12 ಲಕ್ಷ ಸಾಲದ ದುಡ್ಡು. ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ ಬಡ್ಡಿ. ದೆಹಲಿಯವರು ಒಂದೂವರೆ ತಿಂಗಳಿಗೆ ದುಡ್ಡು ಕಳಿಸಿದರೆ ಬಡ್ಡಿ 18,000, ಕೈಗೆ ಉಳಿಯುವುದು 32,000. ಅವರು ಮೂರು ತಿಂಗಳು ಉದ್ರಿ ಇಟ್ಟರೆ ಬಡ್ಡಿ 36,000, ಉಳಿಯುವುದು 14,000.

ಬೆಲೆ ಬಿದ್ದಿಲ್ಲ. ಮಾಲು ಕಮ್ಮಿ ಆಗಿಲ್ಲ. ಲಾರಿ ಬಾಡಿಗೆ ಏರಿಲ್ಲ. ಬಡ್ಡಿ ದರವೂ ಅದೇ. ಆದರೂ ಲಾಭ ಅರ್ಧಕ್ಕಿಂತ ಕೆಳಗೆ ಬಂತು, ಅಲ್ವಾ? ಗೆರೆ ಎಳೆದವರು ಬಡ್ಡಿಯ ಕವಲಿಗೆ ಬರುವ ಹೊತ್ತಿಗೆ ಅರ್ಧ ಗಂಟೆ ಮುಗಿದಿರುತ್ತೆ. ನಿಮ್ಮ ತಂದೆ ಕೇಳುವ ಮೊದಲ ಪ್ರಶ್ನೆಯೇ "ದುಡ್ಡು ಯಾವಾಗ ಬರುತ್ತೆ?" ಅಂತ. ಇದನ್ನೇ ನಿಮ್ಮ ಕಾಲೇಜಿನಲ್ಲಿ ವರ್ಕಿಂಗ್ ಕ್ಯಾಪಿಟಲ್, ಅಂದರೆ ವ್ಯಾಪಾರ ನಡೆಸಲು ಓಡಾಡುತ್ತಿರಬೇಕಾದ ದುಡ್ಡು, ಅಂತ ಒಂದು ಪೂರ್ತಿ ಅಧ್ಯಾಯ ಮಾಡಿ ಕಲಿಸುತ್ತಾರೆ.

ರೈತನ ಕಡೆಯಿಂದ ನೋಡಿದರೆ ಇನ್ನೂ ಇದೆ. ಬಲಿತ ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ, ಒಳಗಿನ ನೀರು ತಾನಾಗಿ ಇಂಗಿ ಕೊಬ್ಬರಿ ಆಗಲು ಹತ್ತು ಹನ್ನೊಂದು ತಿಂಗಳು ಬೇಕು. ಅಷ್ಟು ದಿನ ದುಡ್ಡು ಅಟ್ಟದ ಮೇಲೆ ಕೂತಿರುತ್ತೆ. ಹಾಗಾದರೆ ಎಳನೀರಿಗೇ ಕೊಡಬೇಕಾ, ಹಸಿಕಾಯಿ ಮಾರಬೇಕಾ, ಅಟ್ಟಕ್ಕೆ ಹಾಕಬೇಕಾ? ಕರಟ ಇದ್ದಿಲಿಗೆ ಹೋಗುತ್ತೆ, ಸಿಪ್ಪೆ ನಾರಿಗೆ ಹೋಗುತ್ತೆ. ಅದರ ದುಡ್ಡು ಯಾರಿಗೆ? ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ 2024ಕ್ಕೆ ಕ್ವಿಂಟಾಲ್‌ಗೆ 12,000, 2025ಕ್ಕೆ 12,100 ಬೆಂಬಲ ಬೆಲೆ ಇಟ್ಟಿತು. ಮಾರುಕಟ್ಟೆ ಅದರ ಕೆಳಗಿದ್ದಾಗ ಮಂಡಿಯವರು ಏನು ಮಾಡುತ್ತಾರೆ, ಮೇಲೆ ಹೋದಾಗ ಏನು ಮಾಡುತ್ತಾರೆ? ಇಂಥ ಹತ್ತು ಪ್ರಶ್ನೆ ಹಿಡಿದು ಮಂಡಿಯಲ್ಲಿ ಒಂದು ವಾರ ಕೂತು ನೋಡಿ. ಗುಮಾಸ್ತರ ಪಕ್ಕ ಕೂತು ಪಟ್ಟಿ ಬರೆಯುವುದನ್ನು ನೋಡಿ. ಹಮಾಲರು ಚೀಲ ಎತ್ತುವಾಗಲೇ ತೂಕ ಹೇಳುತ್ತಾರೆ, ಅದನ್ನು ಕೇಳಿ.

ಸಲಹೆ ಕೊಡುವ ಕಸುಬಿನ ದೊಡ್ಡ ಹೆಸರು ಮೆಕಿನ್ಸಿ ಶುರುವಾದದ್ದೂ ಲೆಕ್ಕದ ಪುಸ್ತಕದಿಂದಲೇ. 1926ರಲ್ಲಿ ಶಿಕಾಗೋದಲ್ಲಿ ಕಂಪನಿ ತೆಗೆದ ಜೇಮ್ಸ್ ಮೆಕಿನ್ಸಿ ಲೆಕ್ಕಶಾಸ್ತ್ರದ ಮೇಷ್ಟ್ರು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಗೆ ಶಸ್ತ್ರಾಸ್ತ್ರ ಒದಗಿಸುವ ಇಲಾಖೆಯಲ್ಲಿದ್ದವರು. ಆಗಿನ ಕಾಲಕ್ಕೆ ಲೆಕ್ಕ ಅಂದರೆ ಹೋದ ವರ್ಷ ಏನಾಯ್ತು ಅಂತ ಬರೆದಿಡುವುದು. ಮುಂದಿನ ವರ್ಷ ಏನು ಮಾಡಬೇಕು ಅಂತ ಅದೇ ಲೆಕ್ಕದಿಂದ ಹೇಳಬಹುದು ಅನ್ನುವುದು ಅವರ ವಾದ. 1922ರಲ್ಲೇ ಬಜೆಟ್ ಹತೋಟಿಯ ಬಗ್ಗೆ ಪುಸ್ತಕ ಬರೆದರು. ಈಗ ಹುಡುಗರು ಉರುಹೊಡೆಯುವ ಚೌಕಟ್ಟುಗಳೆಲ್ಲ ಎಷ್ಟೋ ಆಮೇಲೆ ಬಂದವು. ಹಸು, ನಾಯಿ, ನಕ್ಷತ್ರ ಅಂತ ವ್ಯಾಪಾರಗಳನ್ನು ನಾಲ್ಕು ಮನೆಗಳಲ್ಲಿ ಕೂರಿಸುವ ಬಿಸಿಜಿಯ ಚೌಕ 1970ರದ್ದು. ಒಂದು ಉದ್ಯಮದಲ್ಲಿ ಪೈಪೋಟಿ ಎಷ್ಟು ಅಂತ ಅಳೆಯುವ ಮೈಕೆಲ್ ಪೋರ್ಟರ್ ಅವರ ಐದು ಬಲಗಳು 1979ರದ್ದು. ಅವರೆಲ್ಲ ನೂರಾರು ಕಂಪನಿಗಳನ್ನು ಹತ್ತಿರದಿಂದ ನೋಡಿದ ಮೇಲೆ ಚಿತ್ರ ಬರೆದರು. ನಮ್ಮ ಮಕ್ಕಳು ಒಂದು ಅಂಗಡಿಯನ್ನೂ ನೋಡದೆ ಬರೀ ಚಿತ್ರವನ್ನು ಬಾಯಿಪಾಠ ಮಾಡುತ್ತಾರೆ. ಈಜು ಬಾರದವನು ಹೊಳೆಯ ನಕ್ಷೆ ಹಿಡಿದು ನೀರಿಗೆ ಇಳಿದ ಹಾಗೆ.

ಇಂಥ ಕಂಪನಿಯೊಂದರಲ್ಲಿ ಬಹಳ ವರ್ಷ ಸಂದರ್ಶನ ಮಾಡಿದ ಪರಿಚಯಸ್ಥರೊಬ್ಬರು ನನಗೆ ಹೇಳಿದ್ದು ಕೇಳಿ. ಬೆಂಗಳೂರಿನಲ್ಲಿ ದಿನಕ್ಕೆ ಎಷ್ಟು ಕೆಜಿ ದೋಸೆ ಹಿಟ್ಟು ಪ್ಯಾಕೆಟ್‌ನಲ್ಲಿ ಮಾರಾಟ ಆಗುತ್ತೆ ಅಂತ ಅವರು ಕೇಳುತ್ತಿದ್ದರಂತೆ. ಲೆಕ್ಕ ಎಲ್ಲರೂ ಮಾಡುತ್ತಾರೆ. ಊರಲ್ಲಿ 1 ಕೋಟಿ 40 ಲಕ್ಷ ಜನ ಅಂತ ಹಿಡಿ, ಮನೆಗೆ ನಾಲ್ಕು ಜನ, 35 ಲಕ್ಷ ಮನೆ. ಐದರಲ್ಲಿ ಒಂದು ಮನೆ ವಾರಕ್ಕೆ ಒಂದು ಕೆಜಿ ಕೊಂಡರೆ 7 ಲಕ್ಷ ಕೆಜಿ, ದಿನಕ್ಕೆ 1 ಲಕ್ಷ. ಮುಗೀತು. ಒಬ್ಬ ಹುಡುಗ ಮಾತ್ರ ಇಲ್ಲಿಗೆ ನಿಲ್ಲಿಸಲಿಲ್ಲವಂತೆ. "ಸರ್, ಬೇಸಿಗೆಯಲ್ಲಿ ಹಿಟ್ಟು ಬೇಗ ಹುಳಿ ಬರುತ್ತೆ. ಕರೆಂಟ್ ಹೋದರೆ ಅಂಗಡಿಯವರು ಮಾರನೇ ದಿನ ಅರ್ಧವೇ ತರಿಸ್ತಾರೆ. ಮಿಕ್ಕಿದ್ದನ್ನ ಕಂಪನಿ ವಾಪಸ್ ತಗೊಳ್ಳುತ್ತಾ ಇಲ್ವಾ ಅನ್ನೋದರ ಮೇಲೆ ಇದೆಲ್ಲ ನಿಂತಿದೆ" ಅಂದನಂತೆ. ಅವನ ಅಮ್ಮನದು ಬಡಾವಣೆಯಲ್ಲಿ ಒಂದು ಸಣ್ಣ ಅಂಗಡಿ. ಅವನನ್ನೇ ಆರಿಸಿದರು. ಅವನ ಇಂಗ್ಲಿಷ್ ಹೇಗಿತ್ತು ಅಂತ ಕೇಳಿದೆ. "ನೆನಪಿಲ್ಲ" ಅಂದರು.

ಹಾಗಾಗಿ ಇಂಗ್ಲಿಷ್ ಚಿಂತೆ ಸ್ವಲ್ಪ ಕಮ್ಮಿ ಮಾಡಿ. ಸಣ್ಣ ಸಣ್ಣ ವಾಕ್ಯ ಸಾಕು. "ಒಂದು ನಿಮಿಷ ಯೋಚಿಸ್ತೀನಿ" ಅಂತ ಕೇಳಿಕೊಂಡು ಸುಮ್ನೆ ಕೂತರೆ ಯಾರೂ ತಪ್ಪು ತಿಳಿಯುವುದಿಲ್ಲ. ಆ ನಿಮಿಷದಲ್ಲಿ ಕನ್ನಡದಲ್ಲೇ ಯೋಚಿಸಿ, ಕನ್ನಡದಲ್ಲೇ ಲೆಕ್ಕ ಹಾಕಿ. ನಮ್ಮ ಹಿರಿಯರಿಗೆ ಕಾಲು, ಅರೆ, ಮುಕ್ಕಾಲಿನ ಮಗ್ಗಿ ಬಾಯಿಗೆ ಬರುತ್ತಿತ್ತು. ಹದಿನಾರು ಮುಕ್ಕಾಲು ಹನ್ನೆರಡು ಅಂತ ಕೇಳಿದ ತಕ್ಷಣ ಹೇಳುತ್ತಿದ್ದರು. ಮಂಡಿಗಳಲ್ಲಿ ಈಗಲೂ ಅಂಥವರು ಸಿಗುತ್ತಾರೆ. ಕ್ಯಾಲ್ಕುಲೇಟರ್ ಇಲ್ಲದ ಸಂದರ್ಶನಕ್ಕೆ ಇದಕ್ಕಿಂತ ಒಳ್ಳೆ ತಯಾರಿ ನನಗೆ ಗೊತ್ತಿಲ್ಲ.

ಏನು ಓದಲಿ ಅಂತ ಕೇಳಿದ್ದೀರಿ. ನಮ್ಮ ನೆಲದ ವ್ಯಾಪಾರದ ಕಥೆಗಳನ್ನು ಓದಿ. 1970ರ ಸುಮಾರಿಗೆ ಅಡಿಕೆ ಬೆಲೆ ನೆಲ ಕಚ್ಚಿತು. ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ ಬೆಳೆಗಾರರು ಸೇರಿ 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೋ ಕಟ್ಟಿದರು. ಅಡಿಕೆ ತೋಟದ ನಡುವೆ ಕೋಕೋ ಹಾಕಿದ್ದರು. ಎಂಬತ್ತರ ದಶಕ ಶುರುವಾಗುವ ಹೊತ್ತಿಗೆ ಕೋಕೋ ಬೆಲೆಯೂ ಬಿತ್ತು, ಕೊಳ್ಳುತ್ತಿದ್ದವರು ಹಿಂದೆ ಸರಿದರು. ಕ್ಯಾಂಪ್ಕೋದವರು ತಾವೇ ಖರೀದಿಗೆ ಇಳಿದರು. 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಫ್ಯಾಕ್ಟರಿಯನ್ನೇ ತೆರೆದರು. ಅಡಿಕೆ ಬೆಳೆಗಾರರ ಸಹಕಾರ ಸಂಘ ಚಾಕೊಲೇಟ್ ಮಾಡಬೇಕಾ ಬೇಡವಾ? ಇದಕ್ಕಿಂತ ಗಟ್ಟಿ ಕೇಸ್ ಯಾವ ಪುಸ್ತಕದಲ್ಲಿದೆ? ಬೆಂಗಳೂರಿನ ಎಂಟಿಆರ್ ನೋಡಿ. 1924ರ ಹೋಟೆಲ್. ಯುದ್ಧಕಾಲದಲ್ಲಿ ಅಕ್ಕಿ ಸಿಗದೆ ರವೆ ಇಡ್ಲಿ ಮಾಡಿದರು. ತುರ್ತು ಪರಿಸ್ಥಿತಿಯಲ್ಲಿ ಸರ್ಕಾರ ತಿಂಡಿಯ ಬೆಲೆ ಕಟ್ಟಿಹಾಕಿದಾಗ ಗುಣ ಇಳಿಸಲು ಒಪ್ಪದೆ ಹೋಟೆಲ್ ಮುಚ್ಚಿ, ಮಿಕ್ಸ್ ಪ್ಯಾಕೆಟ್ ಮಾರಲು ಹೊರಟರು. ಆ ತಿಂಡಿ ಕಂಪನಿಯನ್ನು 2007ರಲ್ಲಿ ನಾರ್ವೆಯ ಓರ್ಕ್ಲಾ ಕೊಂಡುಕೊಂಡಿತು.

ಇನ್ನು ಸಲಹೆಗಾರ ಅಂದರೆ ಹೇಗಿರಬೇಕು ಅಂತ ನೋಡಬೇಕಾದರೆ ವಿಶ್ವೇಶ್ವರಯ್ಯನವರನ್ನು ನೋಡಿ. 1908ರಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದ್ ಮುಳುಗಿದಾಗ ನಿಜಾಮರ ಸರ್ಕಾರ ಅವರನ್ನು ಕರೆಸಿತು. ಊರಿನೊಳಗೆ ಬರೀ ತಡೆಗೋಡೆ ಕಟ್ಟಿ ಅನ್ನಲಿಲ್ಲ ಅವರು. ಎಷ್ಟು ಮಳೆ, ಎಷ್ಟು ನೀರು ಅಂತ ಲೆಕ್ಕ ಹಾಕಿ, ಊರಿನ ಮೇಲ್ಭಾಗದಲ್ಲಿ ಪ್ರವಾಹ ಹಿಡಿದಿಡುವ ಜಲಾಶಯ ಬೇಕು ಅಂದರು. ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಹುಟ್ಟಿದ್ದು ಹಾಗೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ ನಷ್ಟದಲ್ಲಿದ್ದಾಗ ಅದರ ಹೊಣೆ ಹೊತ್ತು ಅದು ಮತ್ತೆ ಎದ್ದು ನಿಲ್ಲುವ ಹಾಗೆ ಮಾಡಿದವರೂ ಅವರೇ.

ಹೊಣೆ ಅಂದೆ. ಅದನ್ನೂ ನೀವು ಈಗಲೇ ಯೋಚಿಸಬೇಕು. ಅಮೆರಿಕದಲ್ಲಿ ಚಟ ಹಿಡಿಸುವ ನೋವಿನ ಮಾತ್ರೆಗಳ ಮಾರಾಟ ಹೆಚ್ಚಿಸಲು ಔಷಧ ಕಂಪನಿಗೆ ಸಲಹೆ ಕೊಟ್ಟ ವಿಚಾರದಲ್ಲಿ ಮೆಕಿನ್ಸಿ 2021ರಲ್ಲಿ ಅಲ್ಲಿನ ರಾಜ್ಯಗಳಿಗೆ ಸುಮಾರು 57 ಕೋಟಿ ಡಾಲರ್, 2024ರಲ್ಲಿ ಕೇಂದ್ರ ಸರ್ಕಾರದ ತನಿಖೆ ಮುಗಿಸಲು 65 ಕೋಟಿ ಡಾಲರ್ ಕೊಡಲು ಒಪ್ಪಿತು. ಆ ಸಲಹೆಯ ಸ್ಲೈಡುಗಳನ್ನು ಮಾಡಿದವರೂ ಒಂದು ಕಾಲದಲ್ಲಿ ಇಂಥದ್ದೇ ಕೇಸುಗಳನ್ನು ಚೆನ್ನಾಗಿ ಬಿಡಿಸಿದ ಜಾಣ ಹುಡುಗರು. ಅಂಕಿಯ ಆ ತುದಿಯಲ್ಲಿ ಒಬ್ಬ ಮನುಷ್ಯ ಇದ್ದಾನೆ ಅಂತ ಅವರಿಗೆ ಯಾರೂ ತೋರಿಸಲಿಲ್ಲ. ಮಂಡಿಯಲ್ಲಿ ಅದು ತಾನಾಗಿ ಕಾಣುತ್ತೆ. ತೂಕದಲ್ಲಿ ಕೈಚಳಕ ತೋರಿಸಿದರೆ ರೈತ ಎದುರಿಗೇ ನಿಂತಿರುತ್ತಾನೆ.

ಇಷ್ಟೆಲ್ಲ ಹೇಳುವಾಗ ನನ್ನ ನಿಜವಾದ ನೋವು ಬೇರೆಯೇ ಇದೆ. ವ್ಯಾಪಾರದ ಮನೆಗಳಲ್ಲಿ ಮಕ್ಕಳು ಗಲ್ಲಾಪೆಟ್ಟಿಗೆ ಹತ್ತಿರ ಬಂದರೆ "ಹೋಗು, ಓದ್ಕೋ" ಅಂತ ಗದರಿಸುತ್ತಾರೆ. ಹೆಣ್ಣುಮಕ್ಕಳಾದರೆ ಮಂಡಿಯ ಬಾಗಿಲು ದಾಟಲೂ ಬಿಡುವುದಿಲ್ಲ. ಮಗಳು ಲಕ್ಷಗಟ್ಟಲೆ ಫೀಸು ಕಟ್ಟಿ ಕಲಿಯುವುದನ್ನು ಅಪ್ಪ ದಿನಾ ಮಾಡುತ್ತಿರುತ್ತಾನೆ, ಇಬ್ಬರಿಗೂ ಅದು ಗೊತ್ತಿರುವುದಿಲ್ಲ. ನಮ್ಮ ಪತ್ರಿಕೆಗಳ ವಾಣಿಜ್ಯ ಪುಟ ತೆರೆದರೆ ಷೇರು ಸೂಚ್ಯಂಕ, ಹೊಸ ಕಾರು, ಚಿನ್ನದ ದರ. ಶಿರಸಿಯ ಅಡಿಕೆ, ಬ್ಯಾಡಗಿಯ ಮೆಣಸಿನಕಾಯಿ, ರಾಮನಗರದ ರೇಷ್ಮೆಗೂಡು ಹೇಗೆ ಕೈಯಿಂದ ಕೈಗೆ ಹೋಗುತ್ತೆ, ನಡುವೆ ಯಾರಿಗೆ ಎಷ್ಟು ಉಳಿಯುತ್ತೆ ಅಂತ ಬರೆಯುವವರು ಎಷ್ಟು ಜನ? ಸಹಕಾರ ಸಂಘಗಳು ಸುವರ್ಣ ಮಹೋತ್ಸವಕ್ಕೆ ಸ್ಮರಣ ಸಂಚಿಕೆ ತರುತ್ತವೆ. ತುಂಬ ಹಾರ ಹಾಕಿಸಿಕೊಂಡ ಅಧ್ಯಕ್ಷರ ಫೋಟೋ. ಯಾವ ವರ್ಷ ಯಾಕೆ ನಷ್ಟ ಆಯ್ತು, ಹೇಗೆ ಎದ್ದರು ಅನ್ನುವುದಕ್ಕೆ ಒಂದು ಪುಟ ಇರುವುದಿಲ್ಲ. ನಮ್ಮ ನೀರು, ಕಸ, ಬಸ್ಸಿನ ಬಗ್ಗೆ ಸಲಹಾ ಕಂಪನಿಗಳು ಸರ್ಕಾರಕ್ಕೆ ಬರೆದುಕೊಡುವ ವರದಿಗಳು ಇಂಗ್ಲಿಷಿನಲ್ಲೇ ಹುಟ್ಟಿ ಇಂಗ್ಲಿಷಿನಲ್ಲೇ ಕಪಾಟು ಸೇರುತ್ತವೆ. ಆ ನೀರು ಕುಡಿಯುವವರು ಅದನ್ನು ಓದಿ ಪ್ರಶ್ನೆ ಕೇಳುವ ಹಾಗೇ ಇಲ್ಲ. ನಾಳೆ ನೀವು ಅಂಥ ಕೆಲಸಕ್ಕೆ ಸೇರಿದರೆ ನಿಮ್ಮ ವರದಿಯ ಸಾರಾಂಶವನ್ನಾದರೂ ಕನ್ನಡದಲ್ಲಿ ಬರೆಯಿರಿ. ಜಗಳ ಆಡಿಯಾದರೂ ಬರೆಯಿರಿ.

ಕೋಚಿಂಗ್ ವಿಚಾರ. ಅಪ್ಪನ ಹತ್ತಿರ ಆ ದುಡ್ಡು ಕೇಳಬೇಡಿ. ನಿಮ್ಮ ಕಾಲೇಜಿನಿಂದ ಹೋಗಿ ಅದೇ ಕಂಪನಿಗಳಲ್ಲಿರುವ ಸೀನಿಯರ್‌ಗಳಲ್ಲಿ ಇಬ್ಬರು ಮೂವರಿಗೆ ಮೇಲ್ ಬರೆಯಿರಿ. ಒಬ್ಬರಾದರೂ ಭಾನುವಾರ ಒಂದು ಗಂಟೆ ಕೊಡುತ್ತಾರೆ, ಫೀಸು ಕೇಳುವುದಿಲ್ಲ. ಜೊತೆಗೆ ಅಪ್ಪನ ಐದು ವರ್ಷದ ಲೆಕ್ಕದ ಪುಸ್ತಕ ತೆಗೆಸಿ, ಯಾವ ವರ್ಷ ಲಾಭ ಬಿತ್ತು, ಯಾಕೆ ಅಂತ ಅವರನ್ನೇ ಕೇಳಿ. ಅವರು ಮೊದಲು "ನಿನಗ್ಯಾಕೆ ಇದು" ಅನ್ನಬಹುದು. ಬಿಡಬೇಡಿ. ಕೇಳಿದ್ದನ್ನು ಬರೆದು ನಮಗೂ ಕಳಿಸಿ. ಊರು, ಹೆಸರು ಬಿಟ್ಟು ಪ್ರಕಟಿಸುತ್ತೇವೆ.

— ಸಂಪಾದಕ